ಡ್ರಮ್, ಮಫ್, ಪೈಪ್, ಹೊಳೆ: ಔಟ್‌ಬೋರ್ಡ್ ಎಂಜಿನ್ನಿನ ಉಪ್ಪು ಯಾವುದರಲ್ಲಿ ಹೋಗುತ್ತದೆ?

ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಎಂಜಿನ್. ಸಮುದ್ರದಿಂದ ಬಂದ ಮೇಲೆ ಅದರ ಒಳಗಿನ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಲು, ಅಂದರೆ ಫ್ಲಶ್ ಮಾಡಲು, ಸಣ್ಣ ಟೂ ಸ್ಟ್ರೋಕ್ ಎಂಜಿನ್ ಆದರೆ ಡ್ರಮ್, ದೊಡ್ಡ ಫೋರ್ ಸ್ಟ್ರೋಕ್ ಆದರೆ ದಿನಾ ಪೈಪ್, ವಾರಕ್ಕೊಮ್ಮೆ ಮಫ್ (ನೀರು ಎಳೆಯುವ ತೂತಿಗೆ ಕೂರಿಸುವ ರಬ್ಬರ್ ಬಟ್ಟಲು). ನನ್ನ ಲೆಕ್ಕ ಇಷ್ಟೇ. ಆದರೆ ಇಷ್ಟು ಹೇಳಿದರೆ ಉಡುಪಿ ಕಡಲಕರೆಯ ಕೋಡಿಬೆಂಗ್ರೆಯಿಂದ ಮಲ್ಪೆವರೆಗೆ ಜಗಳಕ್ಕೆ ಬರುವವರಿದ್ದಾರೆ, ಹಾಗಾಗಿ ಕಾರಣ ಸಮೇತ ಬರೆಯುತ್ತೇನೆ. ನನ್ನದು ಗಾಳ ಹಾಕಲು ಹೋಗುವ ಸಣ್ಣ ಫೈಬರ್ ದೋಣಿ, 9.9 ಎಚ್‌ಪಿ ಟೂ ಸ್ಟ್ರೋಕ್. ಭಾವನದ್ದು ಮಲ್ಪೆಯಲ್ಲಿ, 40 ಎಚ್‌ಪಿ ಫೋರ್ ಸ್ಟ್ರೋಕ್. ಇಬ್ಬರೂ ಸೇರಿ ಎಲ್ಲ ಬಗೆಯನ್ನೂ ಮಾಡಿ ನೋಡಿದ್ದೇವೆ.

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಕಾಲಿನ (ಎಂಜಿನ್ನಿನ ನೀರಿಗೆ ಇಳಿಯುವ ಭಾಗದ) ಬದಿಯ ತೂತುಗಳಿಂದ ಸಮುದ್ರದ ನೀರನ್ನೇ ಎಳೆದು, ರಬ್ಬರ್ ಇಂಪೆಲ್ಲರ್ (ಪಂಪಿನ ರೆಕ್ಕೆಚಕ್ರ) ಅದನ್ನು ಮೇಲೆ ತಳ್ಳುತ್ತದೆ, ಆ ನೀರು ಸಿಲಿಂಡರ್ ಸುತ್ತ ತಿರುಗಿ ಹೊರಗೆ ಬೀಳುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಎಂಜಿನ್ ನಿಲ್ಲಿಸಿದಾಗ ಹೆಚ್ಚಿನ ನೀರು ಇಳಿದು ಹೋಗುತ್ತದೆ, ಮೂಲೆಯಲ್ಲಿ ಉಳಿದದ್ದು ಬಿಸಿಗೆ ಆರಿ ಗಟ್ಟಿಯಾಗುತ್ತದೆ. ಭಾವನ ಎಂಜಿನ್ನಿನ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಮುಚ್ಚಳ ಬಿಚ್ಚಿದಾಗ ಹತ್ತಿರದಿಂದ ನೋಡಿದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬಿಳಿ ಹರಳು. ಬೋಲ್ಟಿನ ಬುಡದಲ್ಲಿ ಉಗುರು ತಾಗಿದರೆ ಉದುರುವ ಬೂದು ಬಣ್ಣದ ಹಿಟ್ಟು. ಹರಳು ಉಪ್ಪು, ನೀರು ಬಿದ್ದರೆ ಕರಗುತ್ತದೆ. ಹಿಟ್ಟು ಮಾತ್ರ ಅಲ್ಯೂಮಿನಿಯಂ ತಿಂದು ಹೋದದ್ದು, ಅದಕ್ಕೆ ಯಾವ ಫ್ಲಶ್ಶೂ ಮದ್ದಲ್ಲ.

ಎಲ್ಲ ವಿಧಾನಗಳ ಹಣೆಬರಹ ಬರೆಯುವುದು ಈ ಥರ್ಮೋಸ್ಟ್ಯಾಟೇ. ಎಂಜಿನ್ ಸುಮಾರು 50-60 ಡಿಗ್ರಿ ಬಿಸಿಯಾಗುವವರೆಗೆ ಅದು ಬಾಯಿ ಬಿಡುವುದಿಲ್ಲ. ಅಷ್ಟರವರೆಗೆ ಒಳಗಿನ ಉಪ್ಪುನೀರು ಪೂರ್ತಿ ಬದಲಾಗುವುದಿಲ್ಲ, ಹಿಂದಿನ ಸಣ್ಣ ತೂತಿನಿಂದ ಚಿಮ್ಮುವ ನೀರು ಮಾತ್ರ ಸಿಹಿಯಾಗಿಯೇ ಬರುತ್ತಿರುತ್ತದೆ, ಯಾಕೆಂದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಆ ದಾರಿ ಥರ್ಮೋಸ್ಟ್ಯಾಟಿಗಿಂತ ಮೊದಲೇ ಕವಲೊಡೆಯುತ್ತದೆ. ನಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ: "ಮಾರಾಯ್ರೆ, ತಣ್ಣಗಿರುವ ಎಂಜಿನ್ನಿಗೆ ನೀರು ಬಿಡುವುದು ಅಂದರೆ ಮುಖ ತೊಳೆದು ಸ್ನಾನ ಆಯ್ತು ಅಂದ ಹಾಗೆ."

ಈಗ ಡ್ರಮ್. 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿನ ಮೇಲ್ಭಾಗ ಕೊಯ್ದು, ಮರದ ಸ್ಟ್ಯಾಂಡಿಗೆ ಎಂಜಿನ್ ಕಚ್ಚಿಸಿ, ಕಾಲನ್ನು ನೀರಿಗೆ ಇಳಿಸುವುದು. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ಪ್ಲೇಟ್ ಮುಳುಗಿ ಮೇಲೆ ಒಂದು ಗೇಣು ನೀರು ನಿಲ್ಲಬೇಕು. ನ್ಯೂಟ್ರಲ್‌ನಲ್ಲೇ ಇರಬೇಕು, ಗೇರ್ ಹಾಕಿದರೆ ಅರ್ಧ ಡ್ರಮ್ ಅಂಗಳಕ್ಕೆ. ಹತ್ತು ನಿಮಿಷ ಸ್ಲೋನಲ್ಲಿ ಓಡಿದರೆ ಎಂಜಿನ್ ಹದಕ್ಕೆ ಬಿಸಿಯಾಗುತ್ತದೆ, ಥರ್ಮೋಸ್ಟ್ಯಾಟ್ ತೆರೆಯುತ್ತದೆ, ಇಂಪೆಲ್ಲರ್‌ನಿಂದ ತಲೆವರೆಗೆ ಎಲ್ಲ ದಾರಿಯಲ್ಲೂ ಸಿಹಿನೀರು ಹೋಗುತ್ತದೆ.

ಅದೇ ನೀರು ಸುತ್ತುತ್ತದಲ್ಲ, ಉಪ್ಪು ಡ್ರಮ್ಮಿನಲ್ಲೇ ಉಳಿಯುತ್ತದಲ್ಲ ಅನ್ನುವವರಿಗೆ ಒಂದು ಲೆಕ್ಕ. ಒಳಗೆ ಅರ್ಧ ಲೀಟರ್ ಸಮುದ್ರದ ನೀರು ಉಳಿದಿತ್ತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ 17-18 ಗ್ರಾಂ ಉಪ್ಪು. ಅದು 200 ಲೀಟರಿನಲ್ಲಿ ಹರಡಿದರೆ ಲೀಟರಿಗೆ ಹತ್ತನೇ ಒಂದು ಗ್ರಾಮೂ ಇಲ್ಲ, ನಾಲಗೆಗೆ ಗೊತ್ತೇ ಆಗುವುದಿಲ್ಲ. ಕಾಲಿನ ಹೊರಮೈಯನ್ನು ಮೊದಲೇ ಒಂದು ಚೊಂಬು ನೀರು ಹಾಕಿ ತೊಳೆದರೆ ಸಾಕು. ಡ್ರಮ್ ನೀರು ನಿಜವಾಗಿ ಕೆಡುವುದು ಎಣ್ಣೆಯಿಂದ. ಟೂ ಸ್ಟ್ರೋಕಿನ ಹೊಗೆ ನೀರೊಳಗೇ ಬಿಡುವುದರಿಂದ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ, ಅಂಚಿನಲ್ಲಿ ಕಪ್ಪು ಜಿಡ್ಡು. ಅದನ್ನು ತೆಂಗಿನ ಬುಡಕ್ಕೆ ಚೆಲ್ಲುವ ಹಾಗಿಲ್ಲ, ಬಾವಿ ಕಡೆಗಂತೂ ಬೇಡವೇ ಬೇಡ. ಡ್ರಮ್ಮಿನ ದೊಡ್ಡ ತಲೆನೋವು ಇದು. ಎರಡನೆಯದು ಹೊಗೆ. ಶೆಡ್ಡಿನೊಳಗೆ ಮಾಡಬೇಡಿ.

ಸೀಮೆಎಣ್ಣೆ ಎಂಜಿನ್ ಇರುವ ನಾಡದೋಣಿಯವರು ಡ್ರಮ್ಮಿನಲ್ಲಿ ಪೆಟ್ರೋಲಿನಲ್ಲೇ ಓಡಿಸುವುದು ಒಳ್ಳೆಯದು, ಸ್ಲೋನಲ್ಲಿ ಸೀಮೆಎಣ್ಣೆ ಸರಿಯಾಗಿ ಉರಿಯದೆ ಪ್ಲಗ್ ಕಪ್ಪಾಗುತ್ತದೆ.

ಮಫ್ ಅಂದರೆ ಎರಡು ರಬ್ಬರ್ ಬಟ್ಟಲು. ನೀರು ಎಳೆಯುವ ತೂತುಗಳಿಗೆ ಎರಡೂ ಕಡೆಯಿಂದ ಒತ್ತಿ ಕೂರಿಸಿ, ಪೈಪ್ ಹಾಕಿ, ನೀರು ಬಿಟ್ಟ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವುದು. ಹೊಸ ನೀರು ಒಳಗೆ ಹೋಗುತ್ತಲೇ ಇರುತ್ತದೆ, ಎಂಜಿನ್ ಬಿಸಿಯೂ ಆಗುತ್ತದೆ. ಕಾಗದದ ಮೇಲೆ ಇದೇ ಗೆಲ್ಲಬೇಕು. ಭಾವನ ಎಂಜಿನ್ನಿನಲ್ಲಿ ಗೆದ್ದೂ ಇದೆ. ನನ್ನ ಮನೆಯಲ್ಲಿ ಸೋತದ್ದು ಪ್ರೆಶರ್‌ನಿಂದ. ತಾರಸಿ ಟ್ಯಾಂಕಿನ ನೀರು ಮಫ್‌ಗೆ ಸಾಲುವುದಿಲ್ಲ, ಬದಿಯಿಂದ ಗಾಳಿ ಎಳೆಯುತ್ತದೆ. ಬಾವಿ ಪಂಪಿನಿಂದ ನೇರ ಪೈಪ್ ಕೊಟ್ಟರೆ ಪ್ರೆಶರ್ ಸರಿ, ಆದರೆ ನಡುವೆ ಕರೆಂಟ್ ಹೋದರೆ ಏನು ಗತಿ? ನೀರಿಲ್ಲದೆ ಇಂಪೆಲ್ಲರ್ ತಿರುಗಿದರೆ ಕೆಲವೇ ಸೆಕೆಂಡಿನಲ್ಲಿ ರೆಕ್ಕೆಗಳು ಸುಡುತ್ತವೆ. ಹಾಗಾಗಿ ಒಬ್ಬರು ಕೈಯನ್ನು ಸ್ಟಾಪ್ ಬಟನ್ ಮೇಲೆ ಇಟ್ಟುಕೊಂಡೇ ನಿಲ್ಲಬೇಕು. ಪ್ರೊಪೆಲ್ಲರ್ ಬೇರೆ ಗಾಳಿಯಲ್ಲಿ ತೆರೆದುಕೊಂಡಿರುತ್ತದೆ, ಮಕ್ಕಳಿರುವ ಅಂಗಳದಲ್ಲಿ ನನಗೆ ಧೈರ್ಯ ಸಾಲದು. ಕೆಲವು ಸಣ್ಣ ಎಂಜಿನ್‌ಗಳಲ್ಲಿ ತೂತು ಪ್ಲೇಟಿನ ಅಡಿಯಲ್ಲಿರುತ್ತದೆ, ಅವಕ್ಕೆ ಈ ಬಟ್ಟಲು ಕೂರುವುದೇ ಇಲ್ಲ. ಕೊಳ್ಳುವ ಮೊದಲು ಬಗ್ಗಿ ನೋಡಿ.

ಪೈಪ್ ಅಂದರೆ ದೊಡ್ಡ ಎಂಜಿನ್ನಿಗೆ ಕಂಪನಿಯೇ ಕೊಡುವ ಫ್ಲಶ್ ಕನೆಕ್ಷನ್. ಎಂಜಿನ್ ಆಫ್ ಇಟ್ಟು ನೀರು ಬಿಡುವುದು, ಹೆಚ್ಚಿನ ಎಂಜಿನ್‌ಗಳಲ್ಲಿ ಓಡಿಸುವ ಹಾಗಿಲ್ಲ. ದೋಣಿ ನೀರಿನಲ್ಲಿರುವಾಗಲೇ ಎಂಜಿನ್ ಎತ್ತಿ ಮಾಡಬಹುದು ಅನ್ನುವುದು ಮಲ್ಪೆಯಂಥ ಕಡೆ ಸಣ್ಣ ಸಂಗತಿ ಅಲ್ಲ. ಶಬ್ದ ಇಲ್ಲ, ಅಪಾಯ ಇಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ. ಕೊರತೆ ಅದೇ ಹಳೆಯದು: ತಣ್ಣೀರು ಬಿದ್ದ ಕೂಡಲೇ ಥರ್ಮೋಸ್ಟ್ಯಾಟ್ ಮುಚ್ಚಿಕೊಳ್ಳುತ್ತದೆ. ಬಂದ ತಕ್ಷಣ, ಬಿಸಿ ಇರುವಾಗಲೇ ಪೈಪ್ ಹಾಕಿದರೆ ಸ್ವಲ್ಪ ಪರವಾಗಿಲ್ಲ. ಚಹಾ ಕುಡಿದು ಬಂದು ಹಾಕಿದರೆ ಅರ್ಧ ಕೆಲಸ. ಇನ್ನೊಂದು ನೀರಿನ ಖರ್ಚು. ಎರಡು ನಿಮಿಷಕ್ಕೆ 20 ಲೀಟರ್ ಬಕೆಟ್ ತುಂಬುವ ಪೈಪನ್ನು ಕಾಲು ಗಂಟೆ ಬಿಟ್ಟರೆ 150 ಲೀಟರ್ ಹೋಯಿತು. ಎಣ್ಣೆಪೊರೆ ತೆಗೆಯುತ್ತಾ ಹೋದರೆ ಒಂದೇ ಡ್ರಮ್ ನನಗೆ ಹಲವು ಸಲ ಬರುತ್ತದೆ. ಬಾವಿಯ ತಳ ಕಾಣುವ ಮೇ ತಿಂಗಳಲ್ಲಿ ಇದು ದೊಡ್ಡ ವಿಷಯ ಅಲ್ವಾ? ಆಗ ಕಡಲಕರೆಯ ಎಷ್ಟೋ ಬಾವಿಗಳೇ ಉಪ್ಪು ತಿರುಗಿರುತ್ತವೆ, ಮೊದಲು ಒಂದು ಗುಟುಕು ಕುಡಿದು ನೋಡಿ, ಆಮೇಲೆ ಎಂಜಿನ್ನಿಗೆ ಕೊಡಿ.

"ಇದೆಲ್ಲ ಯಾಕೆ, ಹೊಳೆಯಲ್ಲಿ ಒಂದು ಸುತ್ತು ಹೊಡೆದರೆ ಆಯ್ತು" ಅನ್ನುವವರು ಜಾಸ್ತಿ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ಬಂದು ಸಮುದ್ರ ಸೇರುತ್ತವೆ, ಹೊಳೆಗೆ ಬರವಿಲ್ಲ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಕೆಂಪು ನೀರು ಅಳಿವೆವರೆಗೆ ನುಗ್ಗುವಾಗ ಇದಕ್ಕಿಂತ ಒಳ್ಳೆಯ ಫ್ಲಶ್ ಇಲ್ಲ: ಎಂಜಿನ್ ಬಿಸಿ, ನೀರು ಪುಕ್ಕಟೆ. ಕೆಸರು ಜಾಸ್ತಿ ಅನ್ನುವುದೊಂದೇ ದೋಷ. ಮಳೆ ಬಿಟ್ಟ ಮೇಲೆ ಕಥೆ ಬೇರೆ. ಭರತದ ಜೊತೆ ಉಪ್ಪುನೀರು ಒಳಗೆ ಬರುತ್ತದೆ, ಅದನ್ನು ತಡೆಯಲೆಂದೇ ಊರೂರಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು. ಉಪ್ಪುನೀರು ಭಾರ, ಅಡಿಯಲ್ಲಿ ಹೋಗುತ್ತದೆ. ಸಿಹಿನೀರು ಮೇಲೆ ತೇಲುತ್ತದೆ. ಬೊಗಸೆಯಲ್ಲಿ ತೆಗೆದು ಕುಡಿದರೆ ಸಪ್ಪೆ ಅನಿಸಿದರೂ ಎಂಜಿನ್ ನೀರು ಎಳೆಯುವುದು ಅದಕ್ಕಿಂತ ಕೆಳಗಿನಿಂದ. ಖಾಲಿ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಮೊಣಕೈವರೆಗೆ ಮುಳುಗಿಸಿ, ಅಲ್ಲಿ ಬೆರಳು ತೆಗೆದು ತುಂಬಿಸಿ ರುಚಿ ನೋಡಿ. ಡಿಸೆಂಬರ್ ನಂತರ ನಾನು ಹೊಳೆಯನ್ನು ನಂಬುವುದಿಲ್ಲ.

ಯಾವುದೇ ವಿಧಾನ ಆಗಲಿ, ಮುಗಿದ ಮೇಲೆ ಎಂಜಿನ್ ನೆಟ್ಟಗೆ ನಿಲ್ಲಿಸಿ ನೀರು ಪೂರ್ತಿ ಇಳಿಯಲು ಬಿಡಿ.

ಬಿಸಿನೀರು ಹಾಕಿದರೆ ಉಪ್ಪು ಹೆಚ್ಚು ಕರಗುತ್ತದೆ ಎಂದು ಹಂಡೆ ಕಾಯಿಸುವವರೂ ಇದ್ದಾರೆ. ಸುಮ್ನೆ ಸೌದೆ ದಂಡ. 100 ಮಿಲಿ ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಕುದಿಯುವ ನೀರಿನಲ್ಲಿ 39. ಇನ್ನು ವಿನೆಗರ್, ಹುಣಸೆಹುಳಿ ನೀರು. ಇವು ಸುಣ್ಣದಂಥ ಪದರ ಬಿಡಿಸಬಹುದು, ಅಡುಗೆ ಉಪ್ಪಿಗೆ ಬೇಕಾಗಿಲ್ಲ. ಹುಳಿ ಒಳಗೇ ಉಳಿದರೆ ಅಲ್ಯೂಮಿನಿಯಂಗೆ ಕೇಡು, ಎಂಜಿನ್ನಿನ ಬದಲು ತಾನು ಸವೆಯಲೆಂದು ಇಟ್ಟಿರುವ ಸತುವಿನ ತುಂಡನ್ನಂತೂ (ಆನೋಡ್) ತಿನ್ನುತ್ತದೆ. ಹುಳಿ ಹಿತ್ತಾಳೆ ದೀಪಕ್ಕಿರಲಿ. ಉಪ್ಪು ತೆಗೆಯುವ ಲಿಕ್ವಿಡ್ ಕೂಡ ಭಾವ ತರಿಸಿದ್ದರು. ಬರೇ ನೀರಿನಲ್ಲಿ ತೊಳೆದ ನನ್ನ ಎಂಜಿನ್ನಿಗೂ ಅವರದ್ದಕ್ಕೂ ಒಳಗೆ ವ್ಯತ್ಯಾಸ ಕಾಣಲಿಲ್ಲ. ಉಳಿದ ಅರ್ಧ ಬಾಟಲಿಯನ್ನು ಈಗ ಟ್ರೇಲರಿನ ನಟ್ಟು ಬೋಲ್ಟಿಗೆ ಹೊಡೆಯುತ್ತಿದ್ದಾರೆ, ಪೈಪ್ ನೀರು ಸರಿಯಾಗಿ ತಾಗದ ಆ ಸಂದಿಗಳಲ್ಲಿ ಅದರಿಂದ ಸ್ವಲ್ಪ ಪ್ರಯೋಜನ ಇದೆ.