ಕೋಹಂಗ ರೆಯೋ: ಮಗುವನ್ನು ಸೇರಿಸುವ ಮೊದಲು ಬಾಗಿಲಲ್ಲಿ ನಿಂತು ಕೇಳಿ

ನ್ಯೂಜಿಲೆಂಡಿನಲ್ಲಿ ಶಿಶುವಿಹಾರ ಹುಡುಕುವವರ ಪಟ್ಟಿಯಲ್ಲಿ ಕೋಹಂಗ ರೆಯೋ ಇದ್ದರೆ ಒಂದು ಮಾತು ಮೊದಲೇ ತಿಳಿದಿರಲಿ. ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಡೇ ಕೇರ್ ಎಂದುಕೊಂಡು ಹೋದರೆ ನಿರಾಸೆ ಖಂಡಿತ. ನ್ಯೂಜಿಲೆಂಡಿನ ಮೂಲನಿವಾಸಿಗಳ ಭಾಷೆಯಾದ ಮಾವೊರಿ ಮಗುವಿನ ಬಾಯಿಗೆ ಬರಬೇಕು ಎಂಬ ಒಂದೇ ಉದ್ದೇಶಕ್ಕೆ ಕಟ್ಟಿದ ಏರ್ಪಾಡಿದು. ಆ ಕೆಲಸದಲ್ಲಿ ಇದಕ್ಕೆ ಒಳ್ಳೆಯ ಅಂಕಗಳನ್ನೇ ಕೊಡಬೇಕು.

1970ರ ದಶಕದ ಹೊತ್ತಿಗೆ ಅಜ್ಜ-ಅಜ್ಜಿಯರಿಗೆ ಮಾವೊರಿ ಬರುತ್ತಿತ್ತು, ಅಪ್ಪ-ಅಮ್ಮಂದಿರು ಇಂಗ್ಲಿಷಿಗೆ ಹೊರಳಿದ್ದರು. ನಡುವಿನ ತಲೆಮಾರಿಗೆ ಕಾಯದೆ ಹಿರಿಯರನ್ನೂ ಕೂಸುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಮೊದಲ ಕೋಹಂಗ 1982ರಲ್ಲಿ ವೆಲಿಂಗ್ಟನ್ ಹತ್ತಿರದ ವೈನುಯಿಯೊಮಾತದಲ್ಲಿ ಶುರುವಾಯಿತು. ಹುಟ್ಟಿದ ಕೂಸಿನಿಂದ ಆರು ವರ್ಷದವರೆಗೆ ಪ್ರವೇಶ. ಒಳಗೆ ಇಂಗ್ಲಿಷಿಗೆ ಜಾಗವಿಲ್ಲ.

ಪಾಠ ಎಂಬುದು ಇಲ್ಲಿ ಹೆಚ್ಚು ಕಾಣುವುದಿಲ್ಲ, ಅದೇ ಇದರ ಬಲ. ಬೆಳಿಗ್ಗೆ ಕರಾಕಿಯ, ಅಂದರೆ ಪ್ರಾರ್ಥನೆ. ಆಮೇಲೆ ಹಾಡು, ತನ್ನ ಬೆಟ್ಟ, ನದಿ, ಕುಲ ಹೇಳಿಕೊಳ್ಳುವ ಪರಿಚಯ. ಉಳಿದದ್ದೆಲ್ಲ ಕೈ ತೊಳೆಯುವುದು, ಊಟ, ಚಾಪೆ ಸುತ್ತುವುದು, ನಿದ್ದೆ. 'ಹೊರೊಯಿಯ ಓ ರಿಂಗರಿಂಗ' (ಕೈ ತೊಳೆದುಕೋ) ದಿನಕ್ಕೆ ಹಲವು ಸಲ, ಅದೇ ಜಾಗದಲ್ಲಿ, ಅದೇ ಕೈಸನ್ನೆಯೊಂದಿಗೆ ಕಿವಿಗೆ ಬೀಳುತ್ತದೆ. ಮಗು ಇಂಗ್ಲಿಷಿನಲ್ಲಿ ನೀರು ಕೇಳಿದರೆ ಗದರಬಾರದು, ಅನುವಾದಿಸಿಯೂ ಹೇಳಬಾರದು. ಲೋಟ ತೋರಿಸಿ 'ಹೋಮಾಯ್ ತೆ ವಾಯ್' (ನೀರು ಕೊಡು) ಎಂದು ಪೂರ್ತಿ ವಾಕ್ಯ ಹೇಳಿ, ಒಂದು ಕ್ಷಣ ಕಾದು, ನೀರು ಕೊಡಬೇಕು. ಒಮ್ಮೆ ಅನುವಾದಿಸಿದರೆ ಮುಂದಿನ ಸಲ ಮಗು ಅನುವಾದಕ್ಕೇ ಕಾಯುತ್ತದೆ. ಮೊದಲ ಕೆಲವು ತಿಂಗಳು ಮಗು ಬಾಯಿ ಬಿಡದಿದ್ದರೆ ಗಾಬರಿ ಬೇಡ. ಹೇಳಿದ ಕೆಲಸ ಮಾಡುತ್ತಿದೆಯೇ ಎಂದಷ್ಟೇ ನೋಡಿ.

ಎಡವುವುದು ಎಲ್ಲಿ? ಹಿರಿಯರು ಕಡಿಮೆಯಾದಲ್ಲಿ. ದೊಡ್ಡವರಾದ ಮೇಲೆ ಮಾವೊರಿ ಕಲಿತ ಶಿಕ್ಷಕರೇ ತುಂಬಿದ ಕೇಂದ್ರದಲ್ಲಿ ಆಜ್ಞೆ, ಬಣ್ಣ, ಎಣಿಕೆ, ಹಾಡು ಚೆನ್ನಾಗಿ ಬರುತ್ತವೆ. ಜಗಳ, ಹಾಸ್ಯ, ಚಾಡಿ, ಮುದ್ದಿನ ಬೈಗುಳ ಬರುವುದಿಲ್ಲ. ಹಾಡಿನ ಪ್ರದರ್ಶನ ನೋಡಿ ಮರುಳಾಗಬೇಡಿ, ಅರ್ಥ ಗೊತ್ತಿಲ್ಲದೆಯೂ ಮಕ್ಕಳು ಸೊಗಸಾಗಿ ಹಾಡಬಲ್ಲರು. ಮಕ್ಕಳನ್ನು ಬಿಡುವ ಹೊತ್ತಿನಲ್ಲಿ ಬಾಗಿಲ ಬಳಿ ಸುಮ್ಮನೆ ನಿಂತು, ದೊಡ್ಡವರು ತಮ್ಮತಮ್ಮಲ್ಲಿ ಯಾವ ಭಾಷೆ ಆಡುತ್ತಾರೆ ಕೇಳಿ. ಅಡುಗೆಮನೆಯಲ್ಲಿ ಇಂಗ್ಲಿಷ್ ಹರಿಯುತ್ತಿದ್ದರೆ, ದೊಡ್ಡವರ ನಿಜವಾದ ಭಾಷೆ ಯಾವುದೆಂದು ಮಕ್ಕಳಿಗೆ ಆಗಲೇ ಗೊತ್ತಾಗಿರುತ್ತದೆ.

ಖರ್ಚಿನ ವಿಷಯ: ಮೂರರಿಂದ ಐದು ವರ್ಷದವರಿಗೆ ಸರ್ಕಾರ ಕೊಡುವ ವಾರಕ್ಕೆ 20 ಗಂಟೆಗಳ ನೆರವು ಇಲ್ಲಿಗೂ ಅನ್ವಯ. ನಿಜವಾದ ಬೆಲೆ ನಿಮ್ಮ ಸಮಯ. ಕೇಂದ್ರ ನಡೆಸುವುದು ಫಾನೌ, ಅಂದರೆ ಮಕ್ಕಳ ಮನೆಯವರ ಬಳಗ. ಸಭೆ, ಲೆಕ್ಕಪತ್ರ, ಶುಚಿ ಕೆಲಸ ಎಲ್ಲರ ಪಾಲಿಗೂ ಬರುತ್ತವೆ. ಮನೆಯಲ್ಲಿ ಒಬ್ಬರಾದರೂ ಕಲಿಯಲೇಬೇಕು. ಬಣ್ಣದ ಕಡ್ಡಿಗಳನ್ನಿಟ್ಟುಕೊಂಡು ಮಾವೊರಿಯಲ್ಲೇ ಕಲಿಸುವ 'ತೆ ಆತಾರಂಗಿ' ತರಗತಿಗಳು ದೊಡ್ಡವರಿಗೆ ಒಳ್ಳೆಯ ದಾರಿ. ಕನ್ನಡದ ಮನೆಯವರು ಮನೆಮಾತು ಬಿಡಬೇಕಿಲ್ಲ. ಕನ್ನಡ ಹಾಗೇ ಇರಲಿ, ಕೋಹಂಗದ ವಾಕ್ಯಗಳನ್ನು ಊಟ, ಸ್ನಾನಕ್ಕೆ ಮೀಸಲಿಡಿ. ಇಂಗ್ಲಿಷ್ ಹೇಗೂ ಬೀದಿಯಿಂದ ಬರುತ್ತದೆ. ಸೀಟು ಕಡಿಮೆ ಇರುವ ಕಡೆ ಮಾವೊರಿ ಕೂಸಿನ ಜಾಗ ಹೋಗದಂತೆ ಮೊದಲು ಫಾನೌ ಜೊತೆ ಮಾತಾಡುವುದು ಮರ್ಯಾದೆ.

1990ರ ದಶಕದ ಆರಂಭದಲ್ಲಿ 800ರಷ್ಟಿದ್ದ ಕೇಂದ್ರಗಳು ಈಗ 500ಕ್ಕೂ ಕಡಿಮೆ, ಹಾಗಾಗಿ ಹತ್ತಿರದಲ್ಲೊಂದು ಸಿಗದೆಯೂ ಇರಬಹುದು. ಕೋಹಂಗ ಬಿಟ್ಟ ಮೇಲೆ ಇಂಗ್ಲಿಷ್ ಶಾಲೆಗೆ ಹಾಕಿದರೆ ಕಲಿತದ್ದು ಬೇಗನೆ ಸೋರಿಹೋಗುತ್ತದೆ. 1985ರಿಂದ ಇರುವ ಮಾವೊರಿ ಮಾಧ್ಯಮದ 'ಕುರಾ ಕೌಪಪ' ಶಾಲೆ ಹತ್ತಿರವಿದೆಯೇ ಎಂದು ಸೇರಿಸುವ ಮುನ್ನವೇ ವಿಚಾರಿಸಿ. ಐದಕ್ಕೇ ಬಿಡಿಸುವ ರೂಢಿ ಬಲವಾಗಿದೆ, ಆದರೆ ಶಾಲೆ ಕಡ್ಡಾಯವಾಗುವುದು ಆರಕ್ಕೆ. ಆ ಒಂದು ವರ್ಷವನ್ನು ಕೋಹಂಗದಲ್ಲೇ ಕಳೆಯಲು ಬಿಡಿ.