ಹಳೇ ಯೆಜ್ಡಿಯೋ, ಹಳೇ ಬುಲೆಟ್ಟೋ?

ಹಳೇ ಬೈಕ್ ಕೊಳ್ಳೋ ಹುಚ್ಚು ಹತ್ತಿದವರು ಕೊನೆಗೆ ಬಂದು ನಿಲ್ಲುವುದು ಈ ಎರಡರ ಮುಂದೆಯೇ.

ಯೆಜ್ಡಿ ನಮ್ಮ ಮೈಸೂರಿನದು. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ಎಡಗಾಲಿನ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸುವಾಗ ಕ್ಲಚ್ ಹಿಡಿಯುವುದೇ ಬೇಡ, ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತಿರೋ, ಎಂಜಿನ್ ಹಿಡಿದುಕೊಳ್ಳುವುದು ಖಂಡಿತ. ಹೊಗೆಯೂ ಜಾಸ್ತಿ.

ಬುಲೆಟ್ 1955ರಿಂದ ಮದ್ರಾಸಿನಲ್ಲಿ ತಯಾರಾದದ್ದು, 350ರದ್ದು ಫೋರ್ ಸ್ಟ್ರೋಕ್. ಹಳೆಯದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬೇರೆ ಬೈಕ್ ಓಡಿಸಿ ಬಂದವರು ಮೊದಲ ವಾರ ಟ್ರಾಫಿಕ್‌ಗೆ ಹೋಗದಿರುವುದೇ ಲೇಸು. ಸ್ಟಾರ್ಟ್ ಮಾಡುವುದೂ ಒಂದು ಪೂಜೆಯಂತೆ: ಆಮ್‌ಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ನಡುವೆ ಬರುವವರೆಗೆ ಕಿಕ್ಕರನ್ನು ನಿಧಾನವಾಗಿ ಅದುಮಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡಿಸುವ ಪುಟ್ಟ ಲಿವರ್) ಹಿಡಿದು ಕಿಕ್ಕರನ್ನು ಇನ್ನೊಂದು ಚೂರು ಮುಂದೆ ತಳ್ಳಿ, ಆಮೇಲೆ ಒಂದೇ ಒದೆತ. ಅವಸರ ಮಾಡಿದರೆ ತಿರುಗಿ ಒದೆಯುತ್ತದೆ, ಮೊಣಕಾಲು ಜೋಪಾನ.

ಬಿಡಿಭಾಗ ಬುಲೆಟ್ಟಿಗೆ ಸುಲಭ. ಯೆಜ್ಡಿಗೆ ಹುಡುಕಾಡಬೇಕು, ಕೈ ಪಳಗಿದ ಮೆಕ್ಯಾನಿಕ್ಕೂ ಪರಿಚಯವಿರಬೇಕು. ದೂರದ ಊರಿಗೆ ಆರಾಮಾಗಿ ಹೋಗಬೇಕೆಂದರೆ ಬುಲೆಟ್ ತಗೊಳ್ಳಿ. ಭಾನುವಾರ ಬೆಳಿಗ್ಗೆ ಚಾಮುಂಡಿಬೆಟ್ಟಕ್ಕಷ್ಟೇ ಸಾಕು ಎನ್ನುವವರಿಗೆ, ನನ್ನ ವೋಟು ಯೆಜ್ಡಿಗೆ. ಯಾವುದೇ ಆದರೂ, ಆರ್‌ಸಿಯಲ್ಲಿರುವ ಎಂಜಿನ್, ಛಾಸಿ ನಂಬರ್ ತಾಳೆ ನೋಡದೆ ಅಡ್ವಾನ್ಸ್ ಕೊಡಬೇಡಿ.