ಹೈಎಮ್‌ಸಿಎಮ್ ತಯಾರಿ: ತಪ್ಪು ಬೇಗ ಕಣ್ಣಿಗೆ ಬೀಳುವ ದಾರಿ ಯಾವುದು?

ಹೈಸ್ಕೂಲ್ ಮಟ್ಟದ ಗಣಿತ ಮಾಡೆಲಿಂಗ್ (ನಿಜ ಜೀವನದ ಸಮಸ್ಯೆಯನ್ನು ಲೆಕ್ಕದ ರೂಪಕ್ಕೆ ತಂದು ಬಿಡಿಸುವ) ಸ್ಪರ್ಧೆ ಎಂದರೆ ಮುಖ್ಯವಾಗಿ ಮೂರು ಹೆಸರು ಕೇಳಿಬರುತ್ತವೆ. ಎಮ್3 ಚಾಲೆಂಜ್ 14 ಗಂಟೆಯದು, ಅಮೆರಿಕ ಮತ್ತು ಇಂಗ್ಲೆಂಡ್-ವೇಲ್ಸ್‌ನ ವಿದ್ಯಾರ್ಥಿಗಳಿಗೆ ಮಾತ್ರ. ಐಎಮ್ಎಮ್‌ಸಿ ಐದು ದಿನದ್ದು, ಒಂದು ದೇಶದಿಂದ ಎರಡೇ ತಂಡ. ಉಳಿದದ್ದು ಅಮೆರಿಕದ ಕೊಮ್ಯಾಪ್ ಸಂಸ್ಥೆ 1999ರಿಂದ ನಡೆಸುತ್ತಿರುವ ಹೈಎಮ್‌ಸಿಎಮ್. ಇದಕ್ಕೆ ನಮ್ಮ ಪಿಯುಸಿ ಮಕ್ಕಳೂ ಶಾಲೆ-ಕಾಲೇಜಿನ ಮೂಲಕ ನೇರವಾಗಿ ಸೇರಬಹುದು. ನವೆಂಬರ್‌ನಲ್ಲಿ 14 ದಿನ, ತಂಡದಲ್ಲಿ ಹೆಚ್ಚೆಂದರೆ ನಾಲ್ವರು, ಕೊಟ್ಟ ಎರಡು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು ಇಂಗ್ಲಿಷ್‌ನಲ್ಲಿ 25 ಪುಟ ಮೀರದ ವರದಿ. ಪುಸ್ತಕ, ಇಂಟರ್ನೆಟ್ ಎಲ್ಲ ನೋಡಬಹುದು. ಆದರೆ ಪ್ರಶ್ನೆ ಕೈಗೆ ಬಂದ ಮೇಲೆ ಮೇಷ್ಟ್ರನ್ನೂ ಸೇರಿಸಿ ತಂಡದ ಹೊರಗಿನ ಯಾರನ್ನೂ ಕೇಳುವಂತಿಲ್ಲ.

ತಯಾರಿಯ ದಾರಿಗಳನ್ನು ಹೋಲಿಸುವಾಗ ನಾವು ಅಳತೆಗೋಲು ಮಾಡಿಕೊಂಡಿರುವುದು ಈ ಕೊನೆಯ ನಿಯಮವನ್ನೇ. ತಪ್ಪನ್ನು ಹೊರಗಿನವರು ಹಿಡಿದುಕೊಡುವುದಿಲ್ಲ. ಹಾಗಾಗಿ ತಪ್ಪು ತಾನಾಗಿ ಕಣ್ಣಿಗೆ ಬೀಳುವ ವಿಧಾನವೇ ಒಳ್ಳೆಯ ವಿಧಾನ. ಎಷ್ಟು ಆಧುನಿಕ, ಎಷ್ಟು ಗಂಭೀರವಾಗಿ ಕಾಣುತ್ತದೆ ಎನ್ನುವುದೆಲ್ಲ ಆಮೇಲಿನ ಮಾತು.

ಎಕ್ಸೆಲ್ ಅಥವಾ ಪೈಥಾನ್

ಲೆಕ್ಕವನ್ನು ಎಕ್ಸೆಲ್ ಶೀಟ್‌ನಲ್ಲಿ ಮಾಡಬೇಕೇ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ? ಇದಕ್ಕೆ ಹೈಎಮ್‌ಸಿಎಮ್‌ನ 2022ರ ಎ ಪ್ರಶ್ನೆಯೇ ಒಳ್ಳೆಯ ಪರೀಕ್ಷೆ. ಜೇನುಗೂಡಿನ ಜನಸಂಖ್ಯೆ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ ಎಂದು ಮಾದರಿ ಕಟ್ಟಬೇಕು, ಯಾವ ಅಂಶ ಹೆಚ್ಚು ಪರಿಣಾಮ ಬೀರುತ್ತದೆ ಎಂದು ತೋರಿಸಬೇಕು, ಕೊನೆಗೆ 20 ಎಕರೆ ಬೆಳೆಯ ಪರಾಗಸ್ಪರ್ಶಕ್ಕೆ ಎಷ್ಟು ಪೆಟ್ಟಿಗೆ ಬೇಕು ಎಂದು ಹೇಳಬೇಕು.

ಅತಿ ಸರಳ ಮಾದರಿ ಹೀಗಿರುತ್ತದೆ: ನಾಳಿನ ಸಂಖ್ಯೆ = ಇಂದಿನ ಸಂಖ್ಯೆ + ಇಂದು ಹೊರಬರುವ ಹೊಸ ಜೇನು − ಇಂದು ಸಾಯುವ ಜೇನು. ರಾಣಿ ದಿನಕ್ಕೆ 1,500 ಮೊಟ್ಟೆ ಇಡುತ್ತದೆ, ಅದರಲ್ಲಿ ಶೇ. 80 ಬದುಕುತ್ತವೆ, ಬೇಸಿಗೆಯ ಕೆಲಸಗಾರ ಜೇನು ಸರಾಸರಿ 40 ದಿನ ಬಾಳುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಬರುವುದು 1,200, ಸಾಯುವುದು ಇದ್ದದ್ದರ 0.025 ಪಾಲು. ಎರಡೂ ಸರಿಸಮವಾಗುವ ಸಂಖ್ಯೆ 1,200 ÷ 0.025 = 48,000. ಪ್ರಶ್ನೆಪತ್ರಿಕೆಯೇ ಗೂಡಿಗೆ 20,000ದಿಂದ 80,000 ಎಂದು ಕೊಟ್ಟಿತ್ತು, ಉತ್ತರ ಅದರೊಳಗೇ ಬಂತು. 10,000 ಜೇನಿನಿಂದ ಶುರುವಾದ ಗೂಡು 40 ದಿನಕ್ಕೆ ಸುಮಾರು 34,200 ಮುಟ್ಟುತ್ತದೆ.

ಈಗ ತೊಡಕಿನ ಜಾಗ. ಮೊಟ್ಟೆ ಇಟ್ಟು 21 ದಿನಕ್ಕೆ ಕೆಲಸಗಾರ ಜೇನು ಹೊರಬರುತ್ತದೆ. ಅಂದರೆ ಇಂದಿನ ಹೊಸ ಜೇನು 21 ದಿನ ಹಿಂದಿನ ಮೊಟ್ಟೆಯ ಲೆಕ್ಕ. ಎಕ್ಸೆಲ್‌ನಲ್ಲಿ ಒಂದು ದಿನಕ್ಕೆ ಒಂದು ಸಾಲು ಇಟ್ಟು, 21 ಸಾಲು ಮೇಲಿನ ಸೆಲ್ಲನ್ನು ತೋರಿಸುವ ಸೂತ್ರ ಬರೆಯುತ್ತೀರಿ. ಮೊದಲ 21 ಸಾಲಿಗೆ ಮೇಲೆ ಸೆಲ್ಲೇ ಇಲ್ಲ. ಸೂತ್ರವನ್ನು ಮೇಲಕ್ಕೆ ಎಳೆದರೆ ಶೀರ್ಷಿಕೆಯ ಸಾಲಿಗೆ ತಗಲಿ ವ್ಯಾಲ್ಯೂ ಎರರ್, ಅದನ್ನೂ ದಾಟಿದರೆ ರೆಫ್ ಎರರ್. ಆಗ ತಂಡ ಕೂತು ತೀರ್ಮಾನಿಸಲೇಬೇಕು: ಆರಂಭಕ್ಕೆ ಮೊದಲೂ ರಾಣಿ ಮೊಟ್ಟೆ ಇಡುತ್ತಿತ್ತೇ, ಇಲ್ಲವೇ? ಆ ತೀರ್ಮಾನವೇ ವರದಿಯ ಒಂದು ಊಹೆಯಾಗುತ್ತದೆ. ಮೇಲಿನ 34,200 ಬಂದದ್ದು ‘ಇಡುತ್ತಿತ್ತು’ ಎಂಬ ಊಹೆಯಿಂದ.

ಪೈಥಾನ್‌ನಲ್ಲಿ ಇದೇ ಕೆಲಸ ಮಾಡಿದರೆ ಯಾವ ಎರರ್ ಕೂಡ ಬರದೆ ಇರಬಹುದು. ಮೊಟ್ಟೆಯ ಪಟ್ಟಿಯನ್ನು ಮೊದಲೇ 365 ದಿನಕ್ಕೆ ತುಂಬಿಸಿಟ್ಟಿದ್ದರೆ, 0ನೇ ದಿನ ಅದು −21ನೇ ಮೌಲ್ಯ ಕೇಳುತ್ತದೆ. ಪೈಥಾನ್ ಋಣ ಸೂಚ್ಯಂಕವನ್ನು (ಮೈನಸ್ ಕ್ರಮಸಂಖ್ಯೆಯನ್ನು) ಪಟ್ಟಿಯ ಕೊನೆಯಿಂದ ಎಣಿಸುತ್ತದೆ. ಹಾಗಾಗಿ ಜನವರಿಯ ಜೇನು ಅದೇ ವರ್ಷದ ಡಿಸೆಂಬರ್ ಮೊಟ್ಟೆಯಿಂದ ಹುಟ್ಟುತ್ತದೆ! ವರ್ಷ ವರ್ಷ ಮರುಕಳಿಸುವ ಮಾದರಿಯಾದರೆ ಅಡ್ಡಿಯಿಲ್ಲ, ಹೊಸದಾಗಿ ಇಟ್ಟ ಗೂಡಾದರೆ ಲೆಕ್ಕ ಪೂರ್ತಿ ತಪ್ಪು. ಗ್ರಾಫ್ ಮಾತ್ರ ನುಣುಪಾಗಿ ಬರುವುದರಿಂದ ನಾಲ್ವರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಎಕ್ಸೆಲ್‌ಗೂ ತನ್ನದೇ ಖಾಯಿಲೆಗಳಿವೆ. ಸಾವಿನ ದರ ಇರುವ ಸೆಲ್ಲಿಗೆ ಡಾಲರ್ ಚಿಹ್ನೆ ಹಾಕದೆ ಸೂತ್ರ ಕೆಳಗೆ ಎಳೆದರೆ ಉಲ್ಲೇಖ ಖಾಲಿ ಸೆಲ್ಲಿಗೆ ಜಾರುತ್ತದೆ, ಖಾಲಿ ಸೆಲ್ ಎಂದರೆ ಸೊನ್ನೆ, ಜೇನು ಸಾಯುವುದೇ ನಿಂತುಹೋಗುತ್ತದೆ. ಆದರೆ ಗ್ರಾಫ್ ಬಾಗದೆ ನೆಟ್ಟಗೆ ಮೇಲೇರುವುದರಿಂದ ತಪ್ಪು ಅಡಗಿ ಕೂರುವುದಿಲ್ಲ. ಎಕ್ಸೆಲ್ ನಿಜಕ್ಕೂ ಸೋಲುವುದು ಯಾದೃಚ್ಛಿಕ ಸಂಖ್ಯೆ ಬಳಸಿ ಸಾವಿರ ಸಲ ಓಡಿಸಬೇಕಾದಾಗ. ಯಾವುದೋ ಸೆಲ್ ಮುಟ್ಟಿದರೂ ರ‍್ಯಾಂಡ್ ಸೂತ್ರ ಮತ್ತೆ ಲೆಕ್ಕ ಹಾಕುತ್ತದೆ, ವರದಿಯಲ್ಲಿ ಬರೆದ ಅಂಕಿ ಮರುದಿನ ಶೀಟ್‌ನಲ್ಲಿ ಸಿಗುವುದಿಲ್ಲ. ಪೈಥಾನ್‌ನಲ್ಲಿ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಅಂಕಿ) ಒಂದನ್ನು ಕಟ್ಟಿಹಾಕಿದರೆ ಎಷ್ಟು ಸಲ ಓಡಿಸಿದರೂ ಅದೇ ಅಂಕಿ.

ನಮ್ಮ ತೀರ್ಪು: ಮೊದಲ ಮಾದರಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ, ನಾಲ್ವರ ಕಣ್ಣೆದುರೇ. ಪೈಥಾನ್ ಬೇಕಾದರೆ ಆಮೇಲೆ, ಶೀಟ್‌ನ ಮೊದಲ 60 ದಿನದ ಅಂಕಿಗೆ ಸಾಲು ಸಾಲಾಗಿ ಹೊಂದಿಸಿ ನೋಡಿದ ಮೇಲೆ. ಸೆನ್ಸಿಟಿವಿಟಿ ಪರೀಕ್ಷೆಯನ್ನಂತೂ, ಅಂದರೆ ಒಂದು ಅಂಕಿ ಬದಲಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ನೋಡುವುದನ್ನು, ಶೀಟ್‌ನಲ್ಲೇ ಮುಗಿಸಬಹುದು. ಮೊಟ್ಟೆ ಶೇ. 20 ಹೆಚ್ಚಾದರೆ 48,000 ಹೋಗಿ 57,600. ಸಾವಿನ ದರ ಶೇ. 20 ಹೆಚ್ಚಾದರೆ 40,000, ಅಂದರೆ ಇಳಿಕೆ ಶೇ. 16.7 ಮಾತ್ರ. ದರ ಛೇದದಲ್ಲಿರುವುದರಿಂದ ಏರಿಕೆಗೂ ಇಳಿಕೆಗೂ ಸಮನಾದ ಪರಿಣಾಮ ಇರುವುದಿಲ್ಲ ಎಂಬ ಒಂದು ಸಾಲು ವಿವರಣೆ ಸೇರಿಸಿ. ಬರೀ ಕೋಷ್ಟಕ ಅಂಟಿಸಿ ಬಿಡುವ ತಂಡಗಳೇ ಹೆಚ್ಚು.

ಮಲೆನಾಡು, ಕೊಡಗಿನ ಮಕ್ಕಳಿಗೆ ಒಂದು ಮಾತು. ಮನೆಯ ಪೆಟ್ಟಿಗೆಯ ತುಡುವೆ ಜೇನಿನ ಅನುಭವ ಇಲ್ಲಿ ಆಸ್ತಿ. ಆದರೆ ತುಡುವೆಯ ಗೂಡು ಯುರೋಪಿಯನ್ ಜೇನಿನ ಗೂಡಿಗಿಂತ ಬಹಳ ಚಿಕ್ಕದು. ಯಾವ ಜಾತಿಯ ಜೇನು ಎಂದು ಊಹೆಗಳ ಪಟ್ಟಿಯಲ್ಲೇ ಬರೆಯದೆ ಎರಡರ ಅಂಕಿಗಳನ್ನೂ ಬೆರೆಸಿದರೆ ಮಾದರಿ ಕೆಡುತ್ತದೆ.

ಕೆಳಗಿನಿಂದ ಕಟ್ಟುವ ಲೆಕ್ಕ, ರೂಢಿಯ ಲೆಕ್ಕ

20 ಎಕರೆಗೆ ಎಷ್ಟು ಪೆಟ್ಟಿಗೆ? ಒಂದು ದಾರಿಯಲ್ಲಿ ಹೂವಿನಿಂದ ಶುರುಮಾಡುತ್ತೀರಿ. 20 ಎಕರೆ ಎಂದರೆ ಸುಮಾರು 81,000 ಚದರ ಮೀಟರ್. ಚದರ ಮೀಟರಿಗೆ 100 ಹೂ, ಒಂದು ಹೂವಿಗೆ 8 ಭೇಟಿ, 10 ದಿನದ ಹೂಗಾಲ ಎಂದರೆ ದಿನಕ್ಕೆ 64.8 ಲಕ್ಷ ಭೇಟಿ. ಗೂಡಿನ ಕಾಲು ಭಾಗ, ಅಂದರೆ 12,000 ಜೇನು, ತಲಾ 2,000 ಹೂ ಮುಟ್ಟಿದರೆ ದಿನಕ್ಕೆ 2.4 ಕೋಟಿ ಭೇಟಿ. ಉತ್ತರ 0.27 ಪೆಟ್ಟಿಗೆ, ಅಂದರೆ ಒಂದೇ ಪೆಟ್ಟಿಗೆ ಸಾಕು! ಇನ್ನೊಂದು ದಾರಿ ಬೆಳೆಗಾರರ ರೂಢಿಯದು. ಬಾದಾಮಿ ತೋಟಕ್ಕೆ ಎಕರೆಗೆ ಎರಡು ಪೆಟ್ಟಿಗೆ ಎಂಬುದು ಕ್ಯಾಲಿಫೋರ್ನಿಯಾದ ಸಾಮಾನ್ಯ ಶಿಫಾರಸು. ಆ ಲೆಕ್ಕಕ್ಕೆ 40 ಪೆಟ್ಟಿಗೆ.

ಎರಡರ ನಡುವೆ ನೂರೈವತ್ತು ಪಟ್ಟು ಅಂತರ. ಒಂದೇ ದಾರಿ ಹಿಡಿದ ತಂಡಕ್ಕೆ ಈ ಅಂತರ ಇದೆ ಎಂದೇ ಗೊತ್ತಾಗುವುದಿಲ್ಲ. ಎರಡನ್ನೂ ಮಾಡಿದವರು ಕಾರಣ ಹುಡುಕುತ್ತಾರೆ, ನಿಜವಾದ ಮಾಡೆಲಿಂಗ್ ಶುರುವಾಗುವುದೇ ಅಲ್ಲಿ. ಜೇನು 6 ಕಿ.ಮೀ.ವರೆಗೂ ಹಾರುತ್ತದೆ, ಆ ವೃತ್ತದ ವಿಸ್ತೀರ್ಣ ಸುಮಾರು 113 ಚದರ ಕಿ.ಮೀ., ನಿಮ್ಮ ಹೊಲ 0.081. ಜೇನು ನಿಮ್ಮ ಹೊಲಕ್ಕೇ ಬರಬೇಕೆಂದೇನೂ ಇಲ್ಲ. ಮಳೆ, ಚಳಿ, ಗಾಳಿಯಲ್ಲಿ ಅದು ಹೊರಡುವುದೂ ಇಲ್ಲ. ಪ್ರತಿ ಭೇಟಿಯಲ್ಲೂ ಪರಾಗ ದಾಟುವುದಿಲ್ಲ. ಬಾದಾಮಿಯ ರೂಢಿ ಎಲ್ಲ ಬೆಳೆಗೂ ಹೊಂದುವುದೂ ಇಲ್ಲ. ಈ ಒಂದೊಂದಕ್ಕೂ ಒಂದು ಗುಣಾಂಕ ಇಟ್ಟು ಅಂತರ ಎಲ್ಲಿ ಕರಗುತ್ತದೆ ಎಂದು ತೋರಿಸಿದರೆ ಅದೇ ವರದಿಯ ಅತ್ಯುತ್ತಮ ಎರಡು ಪುಟವಾಗುತ್ತದೆ.

ನೇರ ತೂಕ ಅಥವಾ ಎಎಚ್‌ಪಿ

‘ಅತ್ಯುತ್ತಮವಾದದ್ದನ್ನು ಆರಿಸಿ’ ಎಂಬ ಜಾತಿಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. 2020ರಲ್ಲಿ ಬೇಸಿಗೆ ರಜೆಗೆ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದ್ದರು. ಮಕ್ಕಳು ಮೊದಲು ಓಡುವುದು ಎಎಚ್‌ಪಿ ಕಡೆಗೆ, ಅಂದರೆ ಮಾನದಂಡಗಳನ್ನು ಎರಡೆರಡಾಗಿ 1ರಿಂದ 9ರ ಅಳತೆಯಲ್ಲಿ ಹೋಲಿಸಿ ತೂಕ ತೆಗೆಯುವ ವಿಧಾನ. ಐದು ಮಾನದಂಡಕ್ಕೆ 10 ಹೋಲಿಕೆ, ಎಂಟಾದರೆ 28. ಇಪ್ಪತ್ತು ದಾಟುವಷ್ಟರಲ್ಲಿ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಸ್ಥಿರತಾ ಅನುಪಾತ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತಿಲ್ಲ ಎಂಬ ಅಳತೆ) ಒಪ್ಪಿತ ಮಿತಿಯಾದ 0.1 ಮೀರುತ್ತದೆ. ಆಗ ಅನುಪಾತ ಇಳಿಯುವವರೆಗೂ ಅಂಕಿ ತಿದ್ದುವ ಕೆಟ್ಟ ಅಭ್ಯಾಸ ಶುರುವಾಗುತ್ತದೆ. 0.1ರ ಒಳಗೆ ಬಂದರೂ ಹೇಳುವುದು ಇಷ್ಟೇ: ನಿಮ್ಮ ಅಭಿಪ್ರಾಯಗಳು ಪರಸ್ಪರ ಹೊಂದುತ್ತವೆ. ಅವು ಸರಿ ಎಂದಲ್ಲ.

ಪ್ರತಿ ಮಾನದಂಡಕ್ಕೂ ತೂಕವನ್ನು ನಾವೇ ನೇರವಾಗಿ ಕೊಟ್ಟು ಅಂಕ ಕೂಡಿಸುವ ನೇರ ತೂಕದ ವಿಧಾನದಲ್ಲೂ ಹಳ್ಳವಿದೆ. ಕೆಲಸ ಅ: ಗಂಟೆಗೆ 12 ಡಾಲರ್, 2 ಕಿ.ಮೀ. ದೂರ. ಕೆಲಸ ಬ: 15 ಡಾಲರ್, 8 ಕಿ.ಮೀ. ತೂಕ ಸಂಬಳಕ್ಕೆ 0.6, ದೂರಕ್ಕೆ 0.4. ಪಟ್ಟಿಯಲ್ಲಿ ಅತಿ ಕೆಟ್ಟದ್ದನ್ನು (ಕಡಿಮೆ ಸಂಬಳ, ಹೆಚ್ಚು ದೂರ) 0, ಅತಿ ಒಳ್ಳೆಯದನ್ನು 1 ಮಾಡುವ ಮಾಮೂಲಿ ಕ್ರಮದಲ್ಲಿ ಬ 0.6 ಪಡೆದು ಗೆಲ್ಲುತ್ತದೆ, ಅ 0.4. ಈಗ 25 ಡಾಲರ್, 8 ಕಿ.ಮೀ.ಯ ಕೆಲಸ ಕ ಪಟ್ಟಿಗೆ ಸೇರಲಿ. ಕ 0.6, ಅ 0.4, ಬ 0.14. ಅ, ಬ ಎರಡರಲ್ಲೂ ಏನೂ ಬದಲಾಗಿಲ್ಲ, ಆದರೂ ಅವುಗಳ ಸ್ಥಾನ ಅದಲುಬದಲು. ಪರಿಹಾರ ಸುಲಭ. ಅಳತೆಯನ್ನು ಪಟ್ಟಿಯಿಂದ ತೆಗೆಯದೆ ಹೊರಗಿನಿಂದ ನಿಗದಿ ಮಾಡಿ: ಸಂಬಳ 0ಯಿಂದ 30 ಡಾಲರ್, ದೂರ 0ಯಿಂದ 20 ಕಿ.ಮೀ. ಆಗ ಅ 0.60, ಬ 0.54, ಕ 0.74. ಯಾರು ಬಂದರೂ ಹೋದರೂ ಅ-ಬ ಕ್ರಮ ಕದಲುವುದಿಲ್ಲ. ಇನ್ನೂ ಒಂದು ಹೆಜ್ಜೆ: ಸಂಬಳದ ತೂಕ 0.75 ದಾಟಿದರೆ ಮಾತ್ರ ಬ, ಅ-ಗಿಂತ ಮೇಲೆ ಬರುತ್ತದೆ ಎಂದು ಬಿಡಿಸಿ ತೋರಿಸಬಹುದು. ಈ ಒಂದು ಅಂಕಿ ಓದುಗನಿಗೆ ತನ್ನ ಆಯ್ಕೆಯನ್ನು ತಾನೇ ಮಾಡಿಕೊಳ್ಳಲು ದಾರಿ ಕೊಡುತ್ತದೆ. ನಮ್ಮ ಒಲವು ನೇರ ತೂಕದ ಕಡೆಗೇ. ಎಎಚ್‌ಪಿ ಬೇಕೆಂದರೆ ಐದು ಮಾನದಂಡ ಮೀರದಿರಲಿ.

ಬರವಣಿಗೆಯ ಸಾಧನ

ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಲೇಟೆಕ್ (ಗಣಿತದ ಸೂತ್ರಗಳನ್ನು ಅಂದವಾಗಿ ಜೋಡಿಸುವ ಬರವಣಿಗೆಯ ತಂತ್ರಾಂಶ) ಚೆನ್ನಾಗಿ ಬರುವವರು ಇಬ್ಬರಾದರೂ ಇದ್ದರೆ ಲೇಟೆಕ್, ಇಲ್ಲದಿದ್ದರೆ ಗೂಗಲ್ ಡಾಕ್ಸ್. ಒಬ್ಬರಿಗೆ ಮಾತ್ರ ಬಂದರೆ ಕೊನೆಯ ದಿನ ಉಳಿದ ಮೂವರೂ ಸುಮ್ಮನೆ ಕೂರಬೇಕಾಗುತ್ತದೆ. ಡಾಕ್ಸ್‌ನಲ್ಲಿ ಯಾರು ಏನು ತಿದ್ದಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಯಾವುದಾದರೂ ಸರಿ, ಅಕ್ಷರ ಕನಿಷ್ಠ 12 ಪಾಯಿಂಟ್, ಪ್ರತಿ ಪುಟದಲ್ಲೂ ತಂಡದ ಸಂಖ್ಯೆ; ವಿದ್ಯಾರ್ಥಿಯ, ಶಾಲೆಯ ಹೆಸರು ಎಲ್ಲೂ ಬೇಡ. ಎಐ ಬಳಸಿದ್ದರೆ ಅದರ ವಿವರ ಕೊನೆಯಲ್ಲಿ ಪ್ರತ್ಯೇಕವಾಗಿ ಕೊಡಬೇಕು. ಚರ್ಚೆ ಧಾರಾಳವಾಗಿ ಕನ್ನಡದಲ್ಲೇ ನಡೆಯಲಿ, ತಪ್ಪು ಬೇಗ ಸಿಗುವುದು ಮಾತಾಡಿ ಅಭ್ಯಾಸವಿರುವ ಭಾಷೆಯಲ್ಲೇ. ಊಹೆಗಳನ್ನು ಮಾತ್ರ ಅಂದಂದೇ ಇಂಗ್ಲಿಷ್‌ಗೆ ಇಳಿಸಿ.

ಹಳೆಯ ವರದಿ ಓದುವುದು, ಒಂದು ದಿನದ ಅಭ್ಯಾಸ, ಪೂರ್ತಿ 14 ದಿನ

ಬಹುಮಾನಿತ ವರದಿಗಳನ್ನು ಬರೀ ಓದಿದರೆ ಸಿಗುವುದು ಅಚ್ಚುಕಟ್ಟಾದ ಕೊನೆಯ ರೂಪ; ಎಸೆದ ಮಾದರಿಗಳು ಅಲ್ಲಿ ಕಾಣುವುದಿಲ್ಲ. ಮೊದಲು ಪ್ರಶ್ನೆಯ ಮೇಲೆ ತಾವೇ ಮೂರು ಗಂಟೆ ಒದ್ದಾಡಿ ಆಮೇಲೆ ಓದಿದ ಮಕ್ಕಳು ಅದೇ ವರದಿಯಿಂದ ಎರಡರಷ್ಟು ಹೆಕ್ಕುತ್ತಾರೆ. ಪೂರ್ತಿ 14 ದಿನದ ಅಣಕು ಸ್ಪರ್ಧೆ ಕೇಳಲು ಚೆಂದ, ಆದರೆ ಕಾಲೇಜು, ಟ್ಯೂಷನ್ನಿನ ನಡುವೆ ಮೂರನೆಯ ದಿನಕ್ಕೇ ಸಡಿಲಾಗುತ್ತದೆ. ನಾವು ಹೆಚ್ಚು ನೆಚ್ಚಿರುವುದು ಒಂದು ಭಾನುವಾರದ ಅಭ್ಯಾಸವನ್ನು. ಇದಕ್ಕೆ ಎಮ್3ಯ ಹಳೆಯ ಪ್ರಶ್ನೆಗಳು ಹೇಳಿ ಮಾಡಿಸಿದಂತಿವೆ. ಒಂದು ದಿನಕ್ಕೆಂದೇ ಮೂರು ಭಾಗ ಮಾಡಿ ಕೊಟ್ಟಿರುತ್ತಾರೆ. 2020ರ ಡೀಸೆಲ್ ಲಾರಿಯಿಂದ ಎಲೆಕ್ಟ್ರಿಕ್ ಲಾರಿಗೆ ಬದಲಾಗುವ ಪ್ರಶ್ನೆಯ ಮೊದಲ ಭಾಗ ಒಂದೇ ಸಾಕು.

ಬೆಳಗ್ಗೆ 9ಕ್ಕೆ ಪ್ರಶ್ನೆ ತೆರೆಯಿರಿ. 10ರವರೆಗೆ ಊಹೆ, ಬೇಕಾದ ದತ್ತಾಂಶದ ಪಟ್ಟಿ. 12ಕ್ಕೆ ಶೀಟ್‌ನಲ್ಲಿ ಎಷ್ಟೇ ಒರಟಾದರೂ ಸರಿ, ಒಂದು ಉತ್ತರ ಇರಬೇಕು. ಊಟದ ಮೇಲೆ ಇನ್ನೊಂದು ದಾರಿಯಿಂದ ಅದೇ ಉತ್ತರ, ಆಮೇಲೆ ಸೆನ್ಸಿಟಿವಿಟಿ. 4 ಗಂಟೆಗೆ ಲೆಕ್ಕ ನಿಲ್ಲಿಸಿ ಒಂದು ಪುಟದ ಸಾರಾಂಶ ಬರೆಯಿರಿ. ಉತ್ತರದ ಅಂಕಿ ಅದರ ಮೊದಲ ಅರ್ಧದಲ್ಲೇ ಬರಬೇಕು. ಲೆಕ್ಕದಲ್ಲಿ ಕೈಹಾಕದಿದ್ದ ಒಬ್ಬರು ಆ ಪುಟವನ್ನು ಗಟ್ಟಿಯಾಗಿ ಓದಲಿ, ಪ್ರತಿ ಅಂಕಿಯೂ ಶೀಟ್‌ನ ಯಾವ ಸೆಲ್ಲಿನಲ್ಲಿದೆ ಎಂದು ಉಳಿದವರು ಬೆರಳಿಟ್ಟು ತೋರಿಸಲಿ. ತೋರಿಸಲಾಗದ ಅಂಕಿಯನ್ನು ಪುಟದಿಂದ ಹೊಡೆದುಹಾಕಿ.